ನೋಡಲು ಬಂದವರು

ಪಂಚನಹಳ್ಳಿಯ ಸುತ್ತಮುತ್ತ ಯಾರಿಗಾದರೂ ಇದ್ದಕ್ಕಿದ್ದಂತೆ ಮೈ ಕೆಟ್ಟರೆ ಜನಕ್ಕೆ ಮೊದಲು ನೆನಪಾಗುತ್ತಿದ್ದುದು ಡಾಕ್ಟರಲ್ಲ, ಉಗ್ರಪ್ಪನ ಟೆಂಪೋ. ಕಡೂರಿನ ಮಂಡಿಗೆ ತೆಂಗಿನಕಾಯಿ ಹೊರುವ ಗಾಡಿ ಅದು. ಹಾವು ಕಚ್ಚಿದವರು, ಹೆರಿಗೆ ನೋವು ಬಂದವರು, ಪಂಪ್‌ಸೆಟ್ಟಿನಲ್ಲಿ ಕರೆಂಟ್ ಹೊಡೆಸಿಕೊಂಡವರು, ಮದುವೆ ಮನೆಯಲ್ಲಿ ಹೊಡೆದಾಡಿ ತಲೆ ಒಡೆದುಕೊಂಡವರು, ಎಲ್ಲರೂ ಕಾಯಿ ಚೀಲದ ಮೇಲೆ ಕಂಬಳಿ ಹಾಸಿಸಿಕೊಂಡು ಅದರಲ್ಲಿ ಹೋದವರೇ. ಸರ್ಕಾರದ ಆಂಬುಲೆನ್ಸ್ ಬರತೊಡಗಿದ ಮೇಲೂ ಜನ ಒಂದು ಫೋನು ಅದಕ್ಕೆ ಮಾಡಿ, ಇನ್ನೊಂದನ್ನು ಉಗ್ರಪ್ಪನಿಗೆ ಮಾಡುತ್ತಿದ್ದರು. ಸಾಮಾನ್ಯವಾಗಿ ಉಗ್ರಪ್ಪನೇ ಮೊದಲು ಬಂದಿರುತ್ತಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಕೈತೊಳೆದುಕೊಳ್ಳುವ ಆಸಾಮಿಯೂ ಅಲ್ಲ ಅವನು. ಚೀಟಿ ಮಾಡಿಸುವುದು, ಡಾಕ್ಟರ ಮುಂದೆ ಬಾಯಿಬಾರದೆ ನಿಂತವರ ಪರವಾಗಿ ಮಾತಾಡುವುದು, ಆಮೇಲೆ ಮಂಡಿಗೆ ಬಂದಾಗೆಲ್ಲ ಒಂದು ಗಳಿಗೆ ಹೋಗಿ ನೋಡಿ ಬರುವುದು. ಕೆಲವರಿಗೆ ಬೀಡಿ, ಕೆಲವರಿಗೆ ಇಸ್ಪೀಟು. ಉಗ್ರಪ್ಪನಿಗೆ ಕಾಯಿಲೆಯವರನ್ನು ನೋಡಿಕೊಂಡು ಬರುವ ಚಟ. ಹೆಂಡತಿ ದುರ್ಗಮ್ಮ ಬದುಕಿದ್ದಾಗ, "ನಾನೂ ಒಂದು ಮಂಚ ಹಾಕ್ಸಿ ಅಲ್ಲೇ ಮಲ್ಕೊತೀನಿ, ಆಗಲಾದ್ರೂ ನನ್ನ ಮಖ ನೋಡ್ತೀಯ" ಎಂದು ಬೈಯುತ್ತಿದ್ದಳು. ಪಾಪ, ಮಲಗಿದಳು ಕೂಡ. ಆಗ ಅವಳ ಮಂಚದ ಪಕ್ಕ ಬಿಟ್ಟು ಅವನು ಕದಲಲಿಲ್ಲ.

ಉಗ್ರಪ್ಪ ಊರಾಚೆಯ ಕೇರಿಯವನು. ಅವನ ಅಪ್ಪ ದೊಡ್ಡಮನೆಯ ಕೊಟ್ಟಿಗೆಯ ಹೊರಗೆ ನಿಂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದವನು. ಉಗ್ರಪ್ಪ ವಯಸ್ಸಿನಲ್ಲಿ ಬುದ್ಧನ ದಾರಿಗೆ ಬಂದ. ಹುಟ್ಟಿದ ಮಗಳಿಗೆ ಬುದ್ಧನ ತಾಯಿಯ ಹೆಸರಿಟ್ಟು ಮಾಯಾ ಎಂದು ಕರೆದ. ಊರಿನ ಬಾವಿಯ ವಿಚಾರ, ಗುಡಿಯ ವಿಚಾರ ಎಂದು ಎಂದೂ ಜಗಳಕ್ಕೆ ನಿಂತವನಲ್ಲ. ಗಾಡಿಯಲ್ಲಿ ಒಬ್ಬರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದರೆ ನಾಳೆ ಅವರು ಬದಲಾಗುತ್ತಾರೆ ಎಂದು ನಂಬಿದ್ದ. ಕೆಲವರು ಬದಲಾದರು ಎಂದು ಹೇಳಬೇಕು. ದೊಡ್ಡಮನೆಯ ಯಜಮಾನರಿಗೆ ಎದೆನೋವು ಬಂದಾಗ ಕಡೂರಿನವರೆಗೂ ಅವರ ಎದೆಯನ್ನು ಉಜ್ಜುತ್ತಾ ಕೂತವನು ಉಗ್ರಪ್ಪ, ಅಂದು ಗಾಡಿ ಓಡಿಸಿದವನು ಇನ್ನೊಬ್ಬ. ಯಜಮಾನರು ಬದುಕಿ ಬಂದರು. ಆಮೇಲೆ ದೊಡ್ಡಮನೆಯ ಜಗಲಿಯ ಮೇಲೆ ಉಗ್ರಪ್ಪನಿಗೆ ಕಾಫಿ ಸಿಗತೊಡಗಿತು. ಉಳಿದವರಿಗೆ ಸ್ಟೀಲ್ ಲೋಟದಲ್ಲಿ, ಅವನಿಗೆ ಪೇಪರ್ ಲೋಟದಲ್ಲಿ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಮಾಯಾ ಒಮ್ಮೆ ಕಣ್ಣಾರೆ ನೋಡಿದಳು, ಅಂದಿನಿಂದ ಆ ಬೀದಿಯಲ್ಲಿ ಅವಳು ಹೋಗುವುದಿಲ್ಲ.

ಇಂಥವನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಕಡೂರಿನ ಮಂಡಿಯ ಮುಂದೆ ಗಾಡಿ ತಿರುಗಿಸುತ್ತಿದ್ದಾಗ ಗೇರು ಹಾಕುವ ಎಡಗೈ ಮೇಲೇಳಲಿಲ್ಲ. ಕ್ಲಚ್ಚು ತುಳಿಯುವ ಎಡಗಾಲೂ ಅದರ ಜೊತೆ ಸೇರಿಕೊಂಡಿತು. ಬಾಯಿ ಸ್ವಲ್ಪ ವಾರೆಯಾಯಿತೇ ಹೊರತು ಮಾತು ಉಳಿಯಿತು. ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ ಡಾಕ್ಟರು, "ಇನ್ನು ನಮ್ಮ ಕೈಲಿ ಔಷಧಿ ಇಲ್ಲ, ಇನ್ನು ಮೈಗೆ ಪಾಠ ಹೇಳಿಕೊಡಬೇಕು" ಎಂದು ತರೀಕೆರೆಗೆ ಕಳಿಸಿದರು. ತರೀಕೆರೆಯ ಹೊರಗೆ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಆಸ್ಪತ್ರೆ. ಅದರ ಹಿಂಭಾಗದಲ್ಲಿ ಗಂಡಸರಿಗೆಂದು ಒಂದು ವಾರ್ಡು. ಬೋರ್ಡಿನ ಮೇಲೆ ಪುನಶ್ಚೇತನ ವಾರ್ಡ್ ಎಂದು ಬರೆದಿದೆ. ಜನ ಅದನ್ನು ಎಕ್ಸರ್‌ಸೈಜ್ ವಾರ್ಡು ಅನ್ನುತ್ತಾರೆ. ಮಾಯಾ ಕಡೂರಿನ ಮೆಡಿಕಲ್ ಸ್ಟೋರಿನ ಕೆಲಸಕ್ಕೆ ರಜೆ ಹಾಕಿ ಅಪ್ಪನ ಜೊತೆ ಬಂದು ನಿಂತಳು.

ಆಸ್ಪತ್ರೆಗಳ ವಿಚಾರ ತನಗೆ ತಿಳಿಯದ್ದೇನಿದೆ ಎಂದುಕೊಂಡಿದ್ದ ಉಗ್ರಪ್ಪನಿಗೆ ಮೊದಲ ದಿನವೇ ತಲೆಕೆಟ್ಟಿತು. ಅವನಿಗೆ ಗೊತ್ತಿದ್ದ ಆಸ್ಪತ್ರೆಗಳಲ್ಲಿ ರೋಗಿ ಮಲಗಿರುತ್ತಾನೆ, ಉಳಿದವರು ಓಡಾಡುತ್ತಾರೆ. ಇಲ್ಲಿ ಹಗಲು ಮಲಗಿದರೆ ಸಿಸ್ಟರ್ ಬಂದು ಎಬ್ಬಿಸುತ್ತಾರೆ. ಬೆಳಕು ಹರಿಯುತ್ತಿದ್ದಂತೆ ಎದ್ದು ಅಂಗಿ ತೊಡಬೇಕು. ಸತ್ತ ತೋಳು ಮೊದಲು, ಬದುಕಿದ ತೋಳು ಆಮೇಲೆ. ಊಟಕ್ಕೆ ಎಲ್ಲರೂ ಉದ್ದನೆಯ ಮೇಜಿಗೆ ಬರಬೇಕು. ಯಾರೂ ಯಾರಿಗೂ ತಿನ್ನಿಸುವ ಹಾಗಿಲ್ಲ. ಜೊತೆಗಿರುವವರು ಕೈಕಟ್ಟಿಕೊಂಡು ನೋಡುತ್ತಾ ಕೂರುವುದೇ ಅವರ ಕೆಲಸ. ಅಪ್ಪ ಒಂದು ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡುತ್ತಾ ಸುಮ್ಮನಿರುವುದು ಮಾಯಾಳಿಗೆ ಕಷ್ಟವಾಗಿ, ಕಿಟಕಿಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಮೈ ಒರೆಸುವುದು, ಕಕ್ಕಸಿನ ಕೆಲಸ, ಇವಕ್ಕೆ ಮಾತ್ರ ವಾರ್ಡಿನ ಅಟೆಂಡರ್ ನಾಗೇಶ್ ಇದ್ದ. ಕಟ್ಟುಮಸ್ತಾದ ಆಳು, ಮಾತು ಕಮ್ಮಿ. ಪರದೆ ಎಳೆದು, ಮುಗಿಸಿ, ಪರದೆ ಸರಿಸಿ ಹೋಗುತ್ತಿದ್ದ.

ಫಿಜಿಯೋಥೆರಪಿಯ ಸುಮನಾ ಅಜ್ಜಂಪುರದವಳು, ದಿನಾ ಅಲ್ಲಿಂದಲೇ ಬಂದು ಹೋಗುತ್ತಿದ್ದಳು. ಸೇರಿದ ಮಾರನೆಯ ದಿನ ಅವಳು ಕುರ್ಚಿ ಎಳೆದುಕೊಂಡು ಉಗ್ರಪ್ಪನ ಮಂಚದ ಪಕ್ಕ ಕೂತಳು.

"ಉಗ್ರಪ್ಪನೋರೇ, ಇಲ್ಲಿಂದ ಮನೆಗೆ ಹೋಗೋ ಹೊತ್ತಿಗೆ ನಿಮಗೆ ಏನು ಮಾಡ್ಕೊಳೋಕೆ ಬರ್ಬೇಕು? ಒಂದೇ ಒಂದು ಹೇಳಿ. ಅದನ್ನೇ ಹಿಡ್ಕೊಂಡು ಕೆಲಸ ಮಾಡೋಣ."

ಇಂಥ ಪ್ರಶ್ನೆಯನ್ನು ಯಾವ ಆಸ್ಪತ್ರೆಯಲ್ಲೂ ಯಾರೂ ರೋಗಿಗೆ ಕೇಳಿದ್ದನ್ನು ಅವನು ಕಂಡಿರಲಿಲ್ಲ. ಬಾಗಿಲ ಕಡೆ ನೋಡಿದ. ಮಾಯಾ ಬಿಸಿನೀರು ತರಲು ಹೋಗಿದ್ದಳು.

"ಗಾಡಿ ಓಡಿಸ್ಬೇಕಾ?" ಸುಮನಾ ತಾನೇ ಕೇಳಿದಳು.

"ಅದು ಆಗಲ್ಲ ಅಂತ ನಂಗೊತ್ತು ಮೇಡಮ್ಮೋರೆ. ಅಷ್ಟು ದಡ್ಡನಲ್ಲ ನಾನು." ಅವನು ದನಿ ತಗ್ಗಿಸಿದ. "ಇಲ್ಲಿ ನಾಗೇಶಪ್ಪ ಅವ್ನೆ. ಗಂಡಸು, ಅವನ ಕೆಲ್ಸ ಅವನು ಮಾಡ್ತಾನೆ, ನಾನು ಕಣ್ಮುಚ್ಕೊತೀನಿ. ಊರಿಗೋದ್ರೆ ಮನೇಲಿರೋಳು ನನ್ನ ಮಗಳೊಬ್ಳೇ. ಅವಳ ಕೈಲಿ ನಾನು ತೊಳೆಸ್ಕೊಬಾರ್ದು. ಹಾಸಿಗೆಯಿಂದ ಎದ್ದು ಆ ತೂತಿನ ಕುರ್ಚಿ ಮ್ಯಾಲೆ ಕೂತು, ನಂದು ನಾನು ತೊಳ್ಕೊಳೋ ಅಷ್ಟು ಮಾಡಿ. ಇನ್ನೇನೂ ಕೇಳಲ್ಲ."

ಆಗುತ್ತೆ ಎಂದು ಸುಮನಾ ಹೇಳಲಿಲ್ಲ. "ಮಾಡೋಣ. ಆದ್ರೆ ಈಗಿನ ವಾರಗಳೇ ವಾರಗಳು. ಮೈ ಈಗ ಕಲಿಯೋ ಹಾಗೆ ಆಮೇಲೆ ಕಲಿಯಲ್ಲ. ಒಂದು ಹೊತ್ತೂ ತಪ್ಪಿಸ್ಬಾರ್ದು" ಎಂದಳು.

"ನನ್ನ ಮಗಳಿಗೆ ಹೇಳ್ಬೇಡಿ."

"ಹೇಳಲ್ಲ."

ಹೀಗೆ ಶುರುವಾಯಿತು. ಮಗ್ಗುಲಾಗುವುದು, ಕಾಲು ಎರಡನ್ನೂ ಮಂಚದಿಂದ ಕೆಳಗಿಳಿಸುವುದು, ಬಲಗೈ ಊರಿ ಏಳುವುದು. ಮೊದಲ ಸಲ ಎದ್ದು ಕೂತಾಗ ವಾರ್ಡು ಗಿರಗಿರ ತಿರುಗಿತು. ನಿಲ್ಲುವುದಕ್ಕೆ ಮೊದಲು ಮುಂದಕ್ಕೆ ಬಾಗಬೇಕು, ಮೂಗು ಮಂಡಿಯನ್ನು ದಾಟಬೇಕು ಎಂದು ಸುಮನಾ ಹೇಳಿದರೆ, ಅವನ ಮೈಗೆ ಅದು ಬಾವಿಗೆ ಬೀಳುವ ಹಾಗೆ ತೋರಿ ಹಿಂದಕ್ಕೆ ಜಗ್ಗುತ್ತಿತ್ತು. ಎಡಗಾಲಿನ ಮೇಲೆ ಭಾರ ಹಾಕಿ ಎಂದರೆ, "ಕ್ಲಚ್ಚೇ ಸಿಗ್ತಿಲ್ಲ ಕಣಮ್ಮ" ಎಂದು ನಗಿಸುತ್ತಿದ್ದ. ಹಲಗೆಯ ತೂತುಗಳಲ್ಲಿ ಮರದ ಗೂಟ ಚುಚ್ಚುವ ಕೆಲಸವೊಂದಿತ್ತು, ಅದನ್ನು ಕೊಟ್ಟಾಗ ಮಾತ್ರ ನಗುತ್ತಿರಲಿಲ್ಲ. ಅಂಗನವಾಡಿ ಮಕ್ಕಳ ಆಟ ಎಂದು ಸಿಟ್ಟು. ಅರ್ಧ ಗಂಟೆ ಕೆಲಸಕ್ಕೆ ಇಡೀ ಲೋಡು ಇಳಿಸಿದಷ್ಟು ಸುಸ್ತು. ಒಂದು ಸಂಜೆ ಕಾರಣವೇ ಇಲ್ಲದೆ ಗಳಗಳನೆ ಅತ್ತುಬಿಟ್ಟ. ಇದೂ ಈ ಕಾಯಿಲೆಯದೇ ಒಂದು ಲಕ್ಷಣ, ನಾಚಿಕೊಳ್ಳಬೇಡಿ ಎಂದು ಸಿಸ್ಟರ್ ಹೇಳಿದರು. ಅವನು ನಾಚಿಕೊಂಡ.

ಆದರೂ ಮೈ ಕಲಿಯುತ್ತಿತ್ತು. ಒಂದು ದಿನ ಸುಮನಾ ಅವನ ಸೊಂಟದ ಬೆಲ್ಟನ್ನು ಒಂದೇ ಕೈಯಲ್ಲಿ ಹಿಡಿದಿದ್ದಳು, ಅವನು ಎದ್ದು, ಅಲುಗಾಡುತ್ತಾ, ಕಮೋಡ್ ಕುರ್ಚಿಯ ಮೇಲೆ ಕೂತೇಬಿಟ್ಟ. ತಿರುಗುವುದೊಂದು ಸರಿಯಾಗಿ ಬರಬೇಕಿತ್ತು. ಎಡಗಾಲು ನೆಲಕ್ಕೆ ಅಂಟಿಕೊಂಡಂತೆ ಹಿಂದೆ ಉಳಿಯುತ್ತಿತ್ತು. "ಅದೊಂದು ಬಂದ್ರೆ ಆಯ್ತು" ಎಂದಳು ಸುಮನಾ. ಆ ರಾತ್ರಿ ಉಗ್ರಪ್ಪ ಹೊಟ್ಟೆ ತುಂಬ ಉಂಡ.

ಪಕ್ಕದ ಮಂಚದಲ್ಲಿ ಅಮೃತಾಪುರದ ಈರಭದ್ರಪ್ಪ. ಅವನಿಗೂ ಲಕ್ವ, ಉಗ್ರಪ್ಪನಿಗಿಂತ ಜೋರಾಗಿಯೇ ಹೊಡೆದಿತ್ತು. ಹೊಲದ ಬದುವಿನ ವಿಚಾರಕ್ಕೆ ಅಣ್ಣತಮ್ಮಂದಿರ ಜೊತೆ, ನೀರಿನ ಪಾಳಿಗೆ ಅಕ್ಕಪಕ್ಕದವರ ಜೊತೆ, ಹೀಗೆ ಊರಿಗೆ ಊರನ್ನೇ ಎದುರು ಹಾಕಿಕೊಂಡ ಮುದುಕ. ನೋಡಲು ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಮಾತಾಡಲು ಜನವಿಲ್ಲದೆ, ಬೇಸರಕ್ಕೆ, ಸಿಟ್ಟಿಗೆ, ಸುಮನಾ ಹೇಳಿದ್ದನ್ನು ಅವಳು ಹೋದ ಮೇಲೂ ಮಾಡುತ್ತಾ ಕೂತಿರುತ್ತಿದ್ದ.

ಆಮೇಲೆ ಜನ ಬರತೊಡಗಿದರು. ಉಗ್ರಪ್ಪ ಆಸ್ಪತ್ರೆಯಲ್ಲಿದ್ದಾನೆ ಎಂದರೆ ಯಾರು ತಾನೇ ಮನೆಯಲ್ಲಿ ಕೂತಾರು? ಅವನು ನೋಡಿ ಬಂದ ಕಾಯಿಲೆಯವರಲ್ಲಿ ಬದುಕಿ ಉಳಿದವರು, ಸತ್ತವರ ಹೆಂಡಿರು ಮಕ್ಕಳು, ಅವನ ಗಾಡಿಯಲ್ಲೇ ಹುಟ್ಟಿದ ಹುಡುಗಿಯ ಇಡೀ ಮನೆಮಂದಿ. ಆಸ್ಪತ್ರೆಯಲ್ಲಿ ನೋಡುವವರಿಗೆ ಸಂಜೆಯ ಹೊತ್ತು ಗೊತ್ತು ಮಾಡಿದ್ದರು. ಪಂಚನಹಳ್ಳಿಯವರಿಗೆ ಅದು ಒಗ್ಗುವುದಿಲ್ಲ. ಬೆಳಿಗ್ಗೆಯ ಬಸ್ಸು ಹಿಡಿದು ಕಡೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ತರೀಕೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ವಾರ್ಡಿನಲ್ಲಿ ಎಕ್ಸರ್‌ಸೈಜಿನ ಹೊತ್ತು. ಸಂಜೆಯ ತನಕ ಕೂತರೆ ಊರಿಗೆ ಬಸ್ಸಿಲ್ಲ. ಅಷ್ಟು ದೂರದಿಂದ ಬಂದವರನ್ನು ಗೇಟಿನವನಾದರೂ ಹೇಗೆ ಹಿಂದಕ್ಕೆ ಕಳಿಸಿಯಾನು?

ಕಾಯಿಲೆಯವರನ್ನು ನೋಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಕಾಯಿಲೆಯವನು ಮಲಗಿರಬೇಕು. ಬಂದವರು ಕಾಲ ಬಳಿ ಕೂತು, ಹೇಗಾಯಿತು ಎಂದು ಕೇಳಬೇಕು. ಅವನು ಮೊದಲಿಂದ ಕೊನೆಯವರೆಗೂ ಹೇಳಬೇಕು. ನಡುವೆ ಇನ್ನೊಬ್ಬರು ಬಂದರೆ ಮತ್ತೆ ಮೊದಲಿಂದ. ಅವರು ತಂದದ್ದನ್ನು ಅವರ ಮುಂದೆಯೇ ತಿನ್ನಬೇಕು. ಉಗ್ರಪ್ಪ ಎದ್ದು ಕೂರಲು ಹೋದರೆ ನಾಲ್ಕು ಕೈ ಅವನ ಎದೆಯ ಮೇಲೆ ಬರುತ್ತಿದ್ದವು.

"ಮಲ್ಕೊಳಣ್ಣ ಮಲ್ಕೊ. ನಮ್ಮ ಮುಂದೆ ಎಂಥ ಮರ್ಯಾದೆ?"

"ಇಲ್ಲಿ ಕೂತಿರ್ಬೇಕಂತೆ ಕಣ್ರೋ."

"ಅವ್ರೇನ್ ಹೇಳ್ತಾರೆ ಬಿಡಣ್ಣ. ಎಂಥ ಮೈ ಎಂಥದಾಗೋಯ್ತು! ತಗೊ, ಬಾಯಿ ಕಳಿ."

ಸುಮನಾ ಬಂದು ಬಾಗಿಲಲ್ಲಿ ನಿಂತರೆ ಉಗ್ರಪ್ಪ ಬಲಗೈ ಎತ್ತಿ, "ಒಂದೈದು ನಿಮಿಷ ಮೇಡಮ್ಮೋರೆ" ಎನ್ನುತ್ತಿದ್ದ. ಅವಳಿಗೆ ಬೇರೆ ರೋಗಿಗಳಿದ್ದರು. ಐದು ನಿಮಿಷದಲ್ಲಿ ಉಗ್ರಪ್ಪನ ಸರದಿ ಈರಭದ್ರಪ್ಪನಿಗೆ ಹೋಗುತ್ತಿತ್ತು. ಒಮ್ಮೆ ಹಟ ಮಾಡಿ ಬಂದವರೆದುರೇ ಅವನನ್ನು ಎಬ್ಬಿಸಿ ಗೂಟದ ಹಲಗೆಯ ಮುಂದೆ ಕೂರಿಸಿದಳು. ಕೇರಿಯ ಹೆಂಗಸೊಬ್ಬಳು ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ಗೋಳೋ ಎಂದಳು. "ನಮ್ಮ ಉಗ್ರಣ್ಣನ್ನ ಮಗೂ ಮಾಡ್ಬಿಟ್ರಲ್ಲಪ್ಪೋ!" ಅಂದಿನಿಂದ ಬಂದವರ ಮುಂದೆ ಅವನು ಹಲಗೆ ಮುಟ್ಟಲಿಲ್ಲ.

ಈರಭದ್ರಪ್ಪ ಇದನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. "ಏನಪ್ಪಾ ಉಗ್ರಪ್ಪ, ನೀನು ಪುಣ್ಯವಂತ ಕಣಪ್ಪ. ನಾನ್ ಸತ್ರೂ ನನ್ನ ಮಕ್ಳು ತರೀಕೆರೆ ತನಕ ಬರಲ್ಲ" ಎಂದ ಒಂದು ದಿನ. ಉಗ್ರಪ್ಪ ಹಿಗ್ಗಿದ. ಹಿಗ್ಗಬಾರದೇ? ಮನುಷ್ಯ ಬದುಕಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು? ಮಾಯಾ ಮಾತ್ರ ದಿನದಿಂದ ದಿನಕ್ಕೆ ಗಂಟುಮುಖ ಹಾಕಿಕೊಳ್ಳುತ್ತಿದ್ದಳು. ಬಂದವರಿಗೆಲ್ಲ ಕಾಫಿ ತರಲು ಕ್ಯಾಂಟೀನಿಗೆ ಓಡುವುದೇ ಅವಳ ಕೆಲಸವಾಗಿತ್ತು.

ಒಂದು ಬೆಳಿಗ್ಗೆ ಸುಮನಾ ಬೇಗ ಬಂದಳು. ಬೆಲ್ಟು ಬಿಗಿದಳು, ಎಡಗಾಲಿಗೆ ಪಟ್ಟಿ ಕಟ್ಟಿದಳು, ಕಮೋಡ್ ಕುರ್ಚಿಯನ್ನು ಹತ್ತಿರ ಎಳೆದಳು. "ಇವತ್ತು ತಿರುಗೋದನ್ನ ಕಲಿತೇ ಬಿಡೋಣ. ನಾನು ಕೈ ಹಚ್ಚಲ್ಲ, ಬರೀ ಪಕ್ಕದಲ್ಲಿರ್ತೀನಿ." ಉಗ್ರಪ್ಪ ಮಂಚದ ಅಂಚಿನಲ್ಲಿ ಕೂತು ಉಸಿರು ಎಳೆದುಕೊಂಡ. ಮುಂದಕ್ಕೆ ಬಾಗಿದ. ಮೂಗು ಮಂಡಿ ದಾಟಿತು. ಪೃಷ್ಠ ಹಾಸಿಗೆಯಿಂದ ಎದ್ದಿತು.

ಆಗ ಬಾಗಿಲಲ್ಲಿ ದೊಡ್ಡಮನೆಯ ವಿಶಾಲಾಕ್ಷಮ್ಮ ಕಾಣಿಸಿದರು. ಎಪ್ಪತ್ತರ ಹತ್ತಿರದ ಹೆಂಗಸು, ಇಳಕಲ್ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಹಿಂದೆ ಅವರ ಕಾರಿನ ಡ್ರೈವರು, ಎಳನೀರಿನ ಗೊನೆ ಹಿಡಿದು.

ಉಗ್ರಪ್ಪ ಧೊಪ್ಪನೆ ಕೂತ. ಮೊದಲು ಮಾಡಿದ ಕೆಲಸವೆಂದರೆ ಆ ತೂತಿನ ಕುರ್ಚಿಯ ಮೇಲೆ ಬಲಗೈಯಿಂದ ಹೊದಿಕೆ ಎಳೆದು ಮುಚ್ಚಿದ್ದು. ಆಮೇಲೆ ಮಲಗಿಬಿಟ್ಟ.

"ಅಮ್ಮೋರೆ, ನೀವ್ಯಾಕ್ ಬರೋಕೋದ್ರಿ ಇಷ್ಟು ದೂರ?"

"ಬರ್ದೆ ಇರ್ತೀನೇನೋ? ನಮ್ಮ ಯಜಮಾನ್ರು ಬದ್ಕಿರೋದು ಯಾರಿಂದ?" ಎನ್ನುತ್ತಾ ಆ ತಾಯಿ ಬಂದವರೇ ಅವನ ಮಂಚದ ಮೇಲೆ, ಅವನ ಹಾಸಿಗೆಯ ಮೇಲೆ, ಅವನ ಕಾಲಿಗೆ ತಾಗುವ ಹಾಗೆ ಕೂತುಬಿಟ್ಟರು. ಅವನ ಸತ್ತ ಕೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಡಬ್ಬಿ ತೆಗೆದು ಕಾಯಿ ಹೋಳಿಗೆ ಮುರಿದು, ತಮ್ಮ ಕೈಯಾರ ಅವನ ಬಾಯಿಗಿಟ್ಟರು. ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಅವನ ಲೋಟದಲ್ಲೇ ಬಗ್ಗಿಸಿಕೊಂಡು ಕುಡಿದರು.

ಸುಮನಾ, "ಅಮ್ಮಾ, ಅವರಿಗೆ ಈಗ ಟ್ರೀಟ್‌ಮೆಂಟ್ ಟೈಮು. ಸ್ವಲ್ಪ ಹೊತ್ತು ಹೊರಗಿರ್ತೀರಾ?" ಎಂದಳು.

ವಿಶಾಲಾಕ್ಷಮ್ಮ ಏಳಲು ಹೊರಟರು. ಅದನ್ನು ಹೇಳಲೇಬೇಕು, ಅವರು ಏಳಲು ಹೊರಟಿದ್ದರು. ಉಗ್ರಪ್ಪನೇ ಅವರ ಸೆರಗಿನ ಹತ್ತಿರ ಬಲಗೈ ಚಾಚಿ, "ಕೂತ್ಕೊಳ್ಳಿ ಅಮ್ಮೋರೆ. ಮೇಡಮ್ಮೋರೆ, ಇವತ್ತೊಂದಿನ ಬಿಟ್ಬಿಡಿ" ಎಂದ. ಅವನ ಗಲ್ಲದ ಮೇಲೆ ಹೋಳಿಗೆಯ ತುಪ್ಪ ಇಳಿಯುತ್ತಿತ್ತು, ಕಣ್ಣಲ್ಲಿ ನೀರು. ಅಪ್ಪ ಬೊಗಸೆಯೊಡ್ಡಿ ನಿಂತ ಮನೆಯ ಹೆಣ್ಣುಮಗಳು ತನ್ನ ಹಾಸಿಗೆಯ ಮೇಲೆ ಕೂತು ತನ್ನ ಎಂಜಲಿನ ಲೋಟದಲ್ಲಿ ಕುಡಿದಿದ್ದಾಳೆ. ಇದಕ್ಕಿಂತ ದೊಡ್ಡ ನಡಿಗೆಯನ್ನು ಯಾವ ಮೇಡಮ್ಮು ತನಗೆ ಕಲಿಸಿಯಾಳು ಎಂದು ಅವನಿಗೆ ಅನ್ನಿಸಿತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊರಟರೆ ನನಗೆ ಮನಸ್ಸೇ ಬರುವುದಿಲ್ಲ. ಸುಮನಾ ಬೆಲ್ಟು ಬಿಚ್ಚಿಕೊಂಡು ಹೋದಳು.

ಅವರು ಬಂದು ಹೋದ ಸುದ್ದಿ ಊರಲ್ಲಿ ಹಬ್ಬಿತು. ದೊಡ್ಡಮನೆಯವರೇ ಹೋಗಿ ಬಂದ ಮೇಲೆ ಉಳಿದ ಮನೆಗಳವರು ಹಿಂದೆ ಬೀಳುವುದುಂಟೇ? ಅಲ್ಲಿಯವರೆಗೆ ಉಗ್ರಪ್ಪನ ಹೊಸಿಲು ತುಳಿಯದವರೆಲ್ಲ ಸಾಲು ಹಿಡಿದು ಬಂದು ಅವನ ಮಂಚದ ಮೇಲೆ ಕೂತರು. ಅವನು ಮಲಗಿಕೊಂಡು ಒಡ್ಡೋಲಗ ನಡೆಸಿದ.

ವಾರ್ಡಿನಲ್ಲಿ ವಾರಕ್ಕೊಮ್ಮೆ ಡಾಕ್ಟರು, ಸುಮನಾ, ಸಿಸ್ಟರು ಸೇರಿ ಪ್ರತಿ ರೋಗಿಯ ಬಗ್ಗೆ ಮಾತಾಡುವ ದಿನವೊಂದಿತ್ತು. ಮನೆಯವರನ್ನೂ ಕೂರಿಸಿಕೊಳ್ಳುತ್ತಿದ್ದರು. ಆ ಸಲ ಡಾಕ್ಟರು ಮಾಯಾಳಿಗೆ ಸುತ್ತಿಬಳಸದೆ ಹೇಳಿದರು. "ನೋಡಮ್ಮ, ಈ ವಾರ್ಡಿಗೆ ಬರೋಕೆ ಜನ ಕಾಯ್ತಿದಾರೆ. ಸುಧಾರಿಸ್ತಾ ಇರೋವರ್ಗೂ ನಾವು ಇಟ್ಕೊಬಹುದು. ನಿಮ್ಮ ತಂದೆ ನಿಂತಲ್ಲೇ ನಿಂತಿದಾರೆ. ನಿಂತಿಲ್ಲ, ಹಿಂದಕ್ಕೆ ಹೋಗ್ತಿದಾರೆ, ಎಡಗಾಲು ಬಿಗೀತಿದೆ."

ಸುಮನಾ ಇನ್ನೊಂದು ವಾರ ಕೇಳಿಕೊಂಡಳು. ಒಂದು ಷರತ್ತು: ಹಗಲಲ್ಲಿ ಯಾರೂ ನೋಡಲು ಬರಬಾರದು.

ಮಾಯಾ ಅಂದೇ ಊರಿನ ಎಲ್ಲರಿಗೂ ಫೋನು ಮಾಡಿದಳು. ಅವಳ ಮಾತಿಗೆ ನಯ ಕಮ್ಮಿ. "ಅಪ್ಪ ಮನೆಗೆ ಬರೋಗಂಟ ಯಾರೂ ಬರ್ಬೇಡಿ" ಎಂದಷ್ಟೇ ಹೇಳಿ ಇಟ್ಟಳು. ಊರಲ್ಲಿ ಅದು ಬೇರೆ ರೂಪ ತಾಳಿತು. ನಾಲ್ಕಕ್ಷರ ಕಲಿತ ಕೊಬ್ಬು, ಅಪ್ಪನ ಗುಣ ಒಂದೂ ಬರಲಿಲ್ಲ, ಕಾಯಿಲೆಯವನನ್ನು ಜನರಿಂದ ಬಚ್ಚಿಡುತ್ತಾಳೆ ಎಂದರು.

ಮೊದಲ ಎರಡು ದಿನ ಉಗ್ರಪ್ಪ ಮನಸ್ಸು ಕೊಟ್ಟು ಕೆಲಸ ಮಾಡಿದ. ಆದರೆ ಬಿಗಿದ ಕಾಲು ಹಿಂದಿನಂತೆ ಬಗ್ಗಲಿಲ್ಲ, ಭುಜ ಮುಟ್ಟಿದರೆ ನೋವು. ಹಿಂದೆ ಮಾಡಿದ್ದೂ ಈಗ ಆಗದೆ ಎರಡು ಸಲ ಸುಮನಾಳ ಮೇಲೇ ವಾಲಿದ. ಬಾಗಿಲು ಖಾಲಿ. ಪಕ್ಕದ ಮಂಚವೂ ಖಾಲಿ, ಈರಭದ್ರಪ್ಪ ಹಿಂದಿನ ದಿನವೇ ಕೋಲೂರಿಕೊಂಡು, ಬೈಯುತ್ತಾ, ತನ್ನ ಕಾಲ ಮೇಲೆ ತಾನು ನಡೆದು ಹೋಗಿದ್ದ. ಮಧ್ಯಾಹ್ನದ ಹೊತ್ತು ವಾರ್ಡಿನಲ್ಲಿ ಫ್ಯಾನಿನ ಸದ್ದು ಬಿಟ್ಟು ಇನ್ನೊಂದಿಲ್ಲ. ಉಗ್ರಪ್ಪನಿಗೆ ಭಯವಾಯಿತು. ಕಾಲು ಬಾರದಿದ್ದರೂ ತಡೆದಾನು. ಇವತ್ತು ಬೇಡ ಎನ್ನಿಸಿಕೊಂಡವರು ನಾಳೆಯೂ ಬಾರದಿದ್ದರೆ? ಆ ಮನೆಗಳವರು ಮತ್ತೆ ತನ್ನ ಪಕ್ಕ ಎಂದಾದರೂ ಕೂತಾರೇ?

ಮೂರನೆಯ ದಿನ ಮಾಯಾ ಔಷಧಿ ತರಲು ಹೋದಾಗ ಎದುರು ಮಂಚದವನ ಫೋನು ಇಸಿದುಕೊಂಡ. ಊರಿನವನೊಬ್ಬನ ನೆನಪಿದ್ದ ನಂಬರಿಗೆ ಮಾಡಿ, "ಮಗಳು ಹುಡುಗು ಬುದ್ಧಿ, ಏನೋ ಅಂದವ್ಳೆ, ಮನಸ್ಸಿಗೆ ಹಚ್ಕೊಬೇಡಿ ಕಣ್ರಪ್ಪ. ನೀವು ಬನ್ನಿ. ಎಲ್ರಿಗೂ ಹೇಳು" ಎಂದ.

ಬಂದರು. ಒಂದು ವ್ಯಾನು ತುಂಬ ಬಂದರು. ಸುಮನಾ ಬಾಗಿಲವರೆಗೆ ಬಂದು, ಒಳಗೆ ನೋಡಿ, ತಿರುಗಿ ಹೋದಳು.

ಸಂಜೆ ಎಲ್ಲರೂ ಹೋದ ಮೇಲೆ ಮಾಯಾ ಮಂಚದ ಕಾಲ ಬಳಿ ನಿಂತಳು. ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಇದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು.

"ನೀನೇ ಕರ್ದೆ ಅಲ್ವಾ?"

ಉಗ್ರಪ್ಪ ಬಲಗೈಯಿಂದ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ.

"ಸೇರಿದ ಮಾರ್ನೇ ದಿನ ನೀನು ಮೇಡಮ್‌ಗೆ ಏನಂದೆ ಅಂತ ನಂಗೊತ್ತು ಕಣಪ್ಪ. ಬಾಗ್ಲಾಚೆ ನಿಂತು ಕೇಳಿಸ್ಕೊಂಡೆ. ದಿನಾ ಅದನ್ನೇ ಬೇಡ್ಕೊತಿದ್ದೆ. ನಂಗೇನ್ ಅಸಹ್ಯ ಇಲ್ಲ, ನಿಂಗಾಗೋ ಸಂಕ್ಟ ನೆನೆಸ್ಕೊಂಡು ಬೇಡ್ಕೊತಿದ್ದೆ." ಕೈಯಲ್ಲಿದ್ದ ಲೋಟಗಳನ್ನು ಮೇಜಿನ ಮೇಲೆ ಇಟ್ಟಳು. "ಈಗ ಹೇಳು. ನಾಳೆ ನಿನ್ನ ತೊಳೆಯೋಕೆ ವಿಶಾಲಾಕ್ಷಮ್ಮ ಬತ್ತಾರಾ?"

"ಅವ್ರು ನನ್ನ ಲೋಟದಲ್ಲಿ ಕುಡಿದ್ರು ಕಣೇ" ಎಂದ ಉಗ್ರಪ್ಪ.

"ಇಲ್ಲಿ ಕುಡಿದ್ರು" ಎಂದಳು ಮಾಯಾ. "ಇಲ್ಲಿ ಆಸ್ಪತ್ರೇಲಿ."

ವಾರ ಮುಗಿಯಿತು. ಬೆಳಿಗ್ಗೆ ಡಿಸ್ಚಾರ್ಜು ಎಂದಾಯಿತು. ಮನೆಗೆ ಕಳಿಸುವ ಮುನ್ನ ಜೊತೆಗಿರುವವರಿಗೆ ಪಾಠ ಹೇಳಿಕೊಡುವುದು ಆ ವಾರ್ಡಿನ ಪದ್ಧತಿ. ರೋಗಿಯನ್ನು ಹೇಗೆ ಹೊರಳಿಸುವುದು, ಹುಣ್ಣಾಗದಂತೆ ಬೆನ್ನು ಹೇಗೆ ನೋಡುವುದು, ಹೇಗೆ ಶುಚಿ ಮಾಡುವುದು. ನೋಡಿದರೆ ಸಾಲದು, ಅವರ ಕೈಯಿಂದಲೇ ಮಾಡಿಸಿ ನೋಡಿಯೇ ಕಳಿಸುತ್ತಾರೆ.

ಸುಮನಾ, ಸಿಸ್ಟರ್ ಇಬ್ಬರೂ ಬಂದರು. ನಾಗೇಶ್ ಪರದೆ ಎಳೆದ. ಬೇಸಿನ್ನಿನಲ್ಲಿ ಬಿಸಿನೀರು, ಹತ್ತಿ ಬಟ್ಟೆ, ಹೊಸ ಪ್ಯಾಡು. ಇಷ್ಟು ದಿನ ಮಂಚದ ಬಲಗಡೆ ನಿಲ್ಲುತ್ತಿದ್ದ ನಾಗೇಶ್ ಅಂದು ಪಕ್ಕಕ್ಕೆ ಸರಿದು ಮಾಯಾಳಿಗೆ ಜಾಗ ಬಿಟ್ಟ. ಅವಳು ಕೈಗವಸು ಹಾಕಿಕೊಂಡಳು. ಒಂದು ಬೆರಳು ಸರಿಯಾಗಿ ಹೋಗದೆ ಎರಡು ಸಲ ತೆಗೆದು ಹಾಕಿದಳು.

"ನಾಗೇಶಪ್ಪ," ಎಂದ ಉಗ್ರಪ್ಪ. "ಇದೊಂದ್ಸಲ ನೀನೇ ಮಾಡಪ್ಪ."

ನಾಗೇಶ್ ಸಿಸ್ಟರ ಮುಖ ನೋಡಿದ. ಸಿಸ್ಟರ್ ತಲೆಯಾಡಿಸಿದರು. "ಅವ್ರು ಮಾಡಿದ್ದನ್ನ ನಾವು ನೋಡ್ಬೇಕು ಉಗ್ರಪ್ಪನೋರೇ. ಮನೇಲಿ ತಪ್ಪಾಗ್ಬಾರ್ದಲ್ವಾ?"

ಸುಮನಾ ಹೇಳಿದಂತೆ ಮಾಯಾ ಅಪ್ಪನ ಎಡಮಂಡಿಯನ್ನು ಮಡಚಿ, ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು, ಮೈಯನ್ನು ತನ್ನ ಕಡೆ ಎಳೆದು ಹೊರಳಿಸಿದಳು. ಪಂಚೆ ಸಡಿಲಿಸಿದಳು. ಉಗ್ರಪ್ಪ ಬಲಗೈಯಲ್ಲಿ ಮಂಚದ ಕಂಬಿ ಹಿಡಿದ. ಕಣ್ಣು ಮುಚ್ಚಿ ಪ್ರಯೋಜನವಿರಲಿಲ್ಲ, ಮುಚ್ಚಿದ ಕಣ್ಣಿಗೂ ಅವಳದೇ ಕೈ ಎಂದು ತಿಳಿಯುತ್ತಿತ್ತು. ನಾಗೇಶನದು ಒರಟು, ಬೇಗ. ಇವಳದು ಮೆತ್ತಗೆ, ನಿಧಾನ. ಆ ಮೆತ್ತಗಿನ ಕೈಯೇ ಅವನಿಗೆ ಸಹಿಸಲಾಗಲಿಲ್ಲ.

"ಮುಂದಿನಿಂದ ಹಿಂದಕ್ಕೆ. ಹಾಂ, ಹಾಗೆ. ಚೆನ್ನಾಗಿ ಮಾಡ್ತಿದೀರ" ಎನ್ನುತ್ತಿದ್ದಳು ಸುಮನಾ.

ಆಗಲೇ ಹೊರಗಿನಿಂದ ಸದ್ದು ಕೇಳಿಸಿತು. ಉಗ್ರಪ್ಪನನ್ನು ಮನೆಗೆ ಕರೆದೊಯ್ಯಲು ಊರಿನವರು ವ್ಯಾನು ಮಾಡಿಕೊಂಡು ಬಂದಿದ್ದರು. ಹೂವಿನ ಹಾರ ಕೂಡ ತಂದಿದ್ದರಂತೆ. ವಿಶಾಲಾಕ್ಷಮ್ಮನವರ ದನಿ, ಕೇರಿಯವರ ದನಿ, ನಗು, ಎಲ್ಲ ಬೆರೆತು ವಾರ್ಡಿನ ಬಾಗಿಲಿಗೆ ಬಂತು. "ಉಗ್ರಣ್ಣ ಎದ್ದವ್ನಾ? ಪರದೆ ಯಾಕ್ ಹಾಕವ್ರೆ?" ಎಂದು ಯಾರೋ ಕೇಳಿದರು.

ಹಾಸಿಗೆಯೊಳಕ್ಕೆ ಮುಖ ಒತ್ತಿಕೊಂಡು ಉಗ್ರಪ್ಪ, "ಬರ್ಬೇಡಿ ಅನ್ನಪ್ಪ ಅವ್ರಿಗೆ. ಯಾರೂ ಬರ್ಬೇಡಿ ಅನ್ನು" ಎಂದ. ಆ ಮಾತು ಅವನ ಬಾಯಿಂದ ಯಾರೂ ಎಂದೂ ಕೇಳಿರಲಿಲ್ಲ.

ನಾಗೇಶ್ ಪರದೆಯಾಚೆ ಹೋಗಿ ಜನರನ್ನು ಹೊರಗಿನ ವರಾಂಡಕ್ಕೆ ಕಳಿಸಿದ. ಆಸ್ಪತ್ರೆಯವರ ದರ್ಪ ಎಂದು ಗೊಣಗಿಕೊಳ್ಳುತ್ತಾ ಅವರು ಅಲ್ಲಿ ಬೆಂಚಿನ ಮೇಲೆ ಕಾದು ಕೂತರು.

ಮಾಯಾ ಬಟ್ಟೆಯನ್ನು ಬೇಸಿನ್ನಿಗೆ ಅದ್ದಿ ಹಿಂಡಿದಳು. "ಇನ್ನೊಂದು ಕಡೆಗೆ ಹೊರಳ್ಸ್‌ಬೇಕಪ್ಪಾ," ಎಂದಳು, "ನನ್ನ ಕುತ್ಗೆ ಹಿಡ್ಕೊ."